ಎಡಗಡೆಯ ಖಾಲಿ ಜಾಗ

ಕಾರ್ಖಾನೆಯ ಮಹಡಿ ಕೋಣೆ
ಸೆಪ್ಟೆಂಬರ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಹೊಸ ಔಷಧಿ ಕಣ್ಣಿಗೆ ಹಾಕಿದರೆ ಉರಿಯುತ್ತದೆ ಎಂದಿದ್ದೆ, ಈಗ ಕಡಿಮೆಯಾಯಿತೇ? ಇದಕ್ಕಿಂತ ಹೆಚ್ಚು ಹಾಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಚಿಕ್ಕಮ್ಮ ತಿಳಿಸಿದರು. ನಡುವೆ ಮಬ್ಬು, ಅಂಚಿನಲ್ಲಿ ಬೆಳಕು. ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ ಎಂದು ನೀನು ಹೇಳಿದ ದಿನ ನಾನು ಕನ್ನಡಿಯ ಮುಂದೆ ನಿಂತು ಹೆಬ್ಬೆರಳನ್ನು ಮೂಗಿನೆದುರು ಹಿಡಿದು ನೋಡಿದೆ. ಹೆಬ್ಬೆರಳು ಕಂಡಿತು, ಬೇರೇನೂ ತಿಳಿಯಲಿಲ್ಲ. ಈ ಪತ್ರವನ್ನು ಚಿಕ್ಕಮ್ಮ ಓದಿ ಹೇಳುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಚಿಕ್ಕಮ್ಮಾ, ನಿಮ್ಮ ಮೊಣಕಾಲು ಹೇಗಿದೆ? ದಯವಿಟ್ಟು ನಡುನಡುವೆ ನಿಮ್ಮ ಅಭಿಪ್ರಾಯ ಸೇರಿಸಬೇಡಿ. ಸೇರಿಸಿದರೂ ಅಮ್ಮನಿಗೆ ಗೊತ್ತಾಗುತ್ತದೆ. ನನಗೆ ಅಷ್ಟು ಚೆನ್ನಾಗಿ ಮಾತಾಡಲು ಬರುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಸೊಸೆ ಅಡುಗೆಮನೆಯ ನಲ್ಲಿಯನ್ನು ತಾನೇ ಬಿಚ್ಚಿ ಸರಿಮಾಡಿ, ಮೂರು ದಿನದಿಂದ ನನ್ನ ಮುಖವನ್ನು ಒಂದು ಥರ ನೋಡುತ್ತಿದ್ದಾಳೆ. ಕೆಳಗೆ ತೊಟ್ಟಿಗಳು ಎಂದಿನಂತೆ ಹಬೆ ಬಿಡುತ್ತಿವೆ. ಬಣ್ಣದ ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದಾಗಲೆಲ್ಲ ನಿನ್ನ ಕುರ್ಚಿಯ ಕಡೆಗೇ ಮೊದಲು ನೋಡುತ್ತಾನೆ, ಆಮೇಲೆ ನನ್ನನ್ನು ಕಂಡು ನಿಟ್ಟುಸಿರು ಬಿಡುತ್ತಾನೆ. ಅದನ್ನು ಅಡಗಿಸುವ ಮರ್ಯಾದೆಯೂ ಅವನಿಗಿಲ್ಲ.

ಮೊನ್ನೆ ಕಪಾಟು ಒರೆಸುವಾಗ ನೀನು ಮೊದಲು ಬರೆದ ಹಾಳೆಗಳು ಸಿಕ್ಕವು. ಬಟ್ಟೆಗೆ ಬಣ್ಣ ಹಾಕುವ ಕೆಲಸವನ್ನು ಯಂತ್ರಕ್ಕೆ ಹೇಳಿಕೊಡಲು ಯಾರದೋ ದೊಡ್ಡ ಕಂಪ್ಯೂಟರ್ ಭಾಷೆಯನ್ನು ಕಲಿಯುವ ಬದಲು, ಮೇಸ್ತ್ರಿಗಳು ಓದಬಲ್ಲ ಒಂದು ಸಣ್ಣ ಭಾಷೆಯನ್ನು ನೀನೇ ಮಾಡಿದೆ. ಬಿಸಿಮಾಡು, ಕಲಕು, ಬಣ್ಣ ಬಿಡು, ನೀರು ಇಳಿಸು. ಮೊದಲ ವರ್ಷಗಳಲ್ಲಿ ತಪ್ಪು ಬರೆದರೆ ಯಂತ್ರ ‘ಇಲ್ಲ’ ಎಂದಷ್ಟೇ ಹೇಳುತ್ತಿತ್ತು; ಯಾಕೆ ಇಲ್ಲ, ಎಲ್ಲಿ ಇಲ್ಲ ಎಂಬುದು ಅವರವರ ಹಣೆಬರಹ. ಆಮೇಲೆ ಸಾಲಿನ ಸಂಖ್ಯೆ ಬಂತು. ಆಮೇಲೆ ಪದಗಳಿಗೆ ಬೇರೆಬೇರೆ ಬಣ್ಣ ತೋರಿಸುವ ಪರದೆ ಬಂತು. ನಾನೂ ನನ್ನ ಜೊತೆ ಕೆಲಸ ಮಾಡುವವರೂ ಈ ಕೋಣೆ ಸೇರಿದ ಮೇಲೆ ತಪ್ಪನ್ನು ವಿವರಿಸುವ, ಅರ್ಧ ಬರೆದ ಪದವನ್ನು ತುಂಬಿಸುವ, ಒರಟಾಗಿ ಬರೆದದ್ದನ್ನು ಒಪ್ಪವಾಗಿ ಜೋಡಿಸುವ ಸಲಕರಣೆಗಳು ಬಂದವು. ಈಗ ಹಣ್ಣಿನ ರಸ ಮಾಡುವವರು, ಚರ್ಮ ಹದಮಾಡುವವರು, ನಮಗೆ ಗೊತ್ತೇ ಇಲ್ಲದವರು ಅದರಲ್ಲಿ ಬರೆಯುತ್ತಾರೆ. ಒಂದು ಮಾತ್ರ ಮೊದಲ ಹಾಳೆಯಲ್ಲಿ ಇದ್ದಂತೆಯೇ ಇದೆ. ಯಾವ ಕೆಲಸ ಯಾವುದರ ಒಳಗೆ ಎಂಬುದನ್ನು ನಿನ್ನ ಭಾಷೆಯಲ್ಲಿ ಯಾವ ಪದವೂ ಹೇಳುವುದಿಲ್ಲ. ಸಾಲಿನ ಎಡಗಡೆ ಬಿಟ್ಟ ಖಾಲಿ ಜಾಗ ಹೇಳುತ್ತದೆ. ಒಳಗಿನ ಕೆಲಸ ಸ್ವಲ್ಪ ಬಲಕ್ಕೆ, ಹೊರಗಿನದು ಅಂಚಿಗೆ. ಒಳಗಿನ ಕೆಲಸ ಮುಗಿಯಿತು ಎನ್ನಲು ಒಂದು ಪದ ಬೇಕೆಂದು ಎರಡು ಸಲ ಕೇಳಿದೆವು. ಎರಡು ಸಲವೂ ನೀನು, “ಕಣ್ಣಿಗೆ ಕಾಣೋದನ್ನ ಬಾಯಲ್ಲಿ ಯಾಕೋ ಹೇಳಬೇಕು? ಬೇರೆ ಕೆಲಸ ಇಲ್ವಾ ನಿಮಗೆ?” ಎಂದೆ. ನಿನ್ನ ಒಪ್ಪಿಗೆಯಿಲ್ಲದೆ ಭಾಷೆಯ ನಿಯಮ ಬದಲಾಗಬಾರದೆಂಬುದು ನಮ್ಮ ಪದ್ಧತಿ. ಅಲ್ಲಿಗೆ ಮಾತು ನಿಂತಿತು.

ಇನ್ನು ಟವೆಲ್ಲುಗಳ ವಿಷಯ. ಚಿಕ್ಕಮ್ಮಾ, ಓದುವುದನ್ನು ನಿಲ್ಲಿಸಬೇಡಿ. ಅಮ್ಮ ಎದ್ದು ಹೋಗುತ್ತೇನೆ ಎಂದರೆ ಬಾಗಿಲಿಗೆ ಅಡ್ಡ ಕುಳಿತುಕೊಳ್ಳಿ.

ಹೋಟೆಲಿನವರ ನಿಂಬೆ ಬಣ್ಣದ ಟವೆಲ್ಲುಗಳು ಬೇಸಿಗೆಯಲ್ಲಿ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದದ್ದು ನಿನಗೆ ನೆನಪಿದೆ. ನೀನು ಚಿಕ್ಕಮ್ಮನ ಮನೆಗೆ ಹೋದ ಹೊಸತು. ಬಣ್ಣ ತೀರಾ ತೆಳುವಾಗಿ ಬರುತ್ತಿದೆ ಎಂದು ಮೇಸ್ತ್ರಿ ನನ್ನನ್ನು ದಾಟಿ ನಿನಗೇ ಫೋನ್ ಮಾಡಿದ, ನೀನು ಆ ಟವೆಲ್ಲುಗಳಿಗಾಗಿ ಯಂತ್ರಕ್ಕೆ ಬರೆದ ಕಾರ್ಯಕ್ರಮದ ಹಾಳೆಯನ್ನು ಅವನಿಂದ ತರಿಸಿ, ಚಿಕ್ಕಮ್ಮನಿಂದ ಓದಿಸಿಕೊಂಡು ಒಂದು ಸಾಲು ಸೇರಿಸಲು ಹೇಳಿದೆ. ಸಂಜೆ ನಾನು ಸುದ್ದಿ ಹೇಳಿದಾಗ ನೀನು, “ತಲೆ ಹೋಯ್ತು ಕಣೋ. ಕಣ್ಣು ಹೋದ್ರೆ ಹೋಗ್ಲಿ ಅಂದ್ಕೊಂಡಿದ್ದೆ. ಇನ್ಮೇಲೆ ನನ್ನ ಏನೂ ಕೇಳಬೇಡಿ” ಎಂದೆ. ಅಂದಿನಿಂದ ನೀನು ಹವೆಯ ಬಗ್ಗೆ ಮಾತಾಡುತ್ತೀಯ, ಪಕ್ಕದ ಮನೆಯ ನಾಯಿಯ ಬಗ್ಗೆ ಮಾತಾಡುತ್ತೀಯ. ಅಷ್ಟು ಹೊತ್ತು ನಾಯಿಯ ಬಗ್ಗೆ ಕೇಳಿ ನನಗೆ ರೂಢಿಯಿಲ್ಲ.

ನಾನು ನಿನಗೆ ಸಮಾಧಾನ ಹೇಳಲಿಲ್ಲ, ಹೇಳಲು ನನಗೆ ಬರುವುದೂ ಇಲ್ಲ. ಬರೆಯುವಾಗ ಒತ್ತಿದ ಪ್ರತಿ ಕೀಲಿಯನ್ನೂ ನಮ್ಮ ಸಲಕರಣೆ ನೆನಪಿಟ್ಟುಕೊಳ್ಳುತ್ತದೆ. ಕಳೆದ ವಾರ ಆ ದಿನದ್ದನ್ನು ತೆರೆದು ನೋಡಿದೆ. ಕಾರ್ಯಕ್ರಮ ಸರಳ: ಬಿಸಿ ಏರುವವರೆಗೆ ಕಲಕುತ್ತಿರು, ಆಮೇಲೆ ನೀರು ಇಳಿಸು. ಕಲಕಿದ ಮೇಲೆ ಇನ್ನೊಂದು ಅಳತೆ ಬಣ್ಣ ಬಿಡಬೇಕು ಎಂದು ನೀನು ಹೇಳಿದ್ದು ಸರಿಯಾಗಿಯೇ ಇತ್ತು. ಕಲಕುವುದೆಲ್ಲ ಮುಗಿದ ಮೇಲೆ ಎಂದು ನಿನ್ನ ಮನಸ್ಸಿನಲ್ಲಿತ್ತು. ಮೇಸ್ತ್ರಿ ‘ಕಲಕು’ ಎಂಬ ಸಾಲಿನ ಕೊನೆಗೆ ಹೋಗಿ ಹೊಸ ಸಾಲು ಎಬ್ಬಿಸಿದ. ನಮ್ಮ ಬುದ್ಧಿವಂತ ಸಲಕರಣೆ ಉಪಕಾರ ಮಾಡಲೆಂದು ಮೇಲಿನ ಸಾಲಿಗಿದ್ದಷ್ಟೇ ಜಾಗವನ್ನು ತಾನಾಗಿ ಬಿಟ್ಟುಕೊಟ್ಟಿತು. ಹೀಗೆ ನಿನ್ನ ಸಾಲು, ಬಿಸಿ ಏರುವವರೆಗೆ ಮತ್ತೆಮತ್ತೆ ನಡೆಯುವ ಕೆಲಸದ ಒಳಗೆ ಹೋಯಿತು: ಒಮ್ಮೆ ಕಲಕು, ಒಂದು ಅಳತೆ ಬಿಡು, ಮತ್ತೆ ಕಲಕು, ಮತ್ತೆ ಬಿಡು. ನಿನಗೆ ಕಾಣುತ್ತಿದ್ದರೆ ಪರದೆಯ ಕಡೆ ಅರೆಗಳಿಗೆ ನೋಡಿ, ಎಡಕ್ಕೆ ಎಳಿ ಎಂದು ಗದರುತ್ತಿದ್ದೆ.

ಚಿಕ್ಕಮ್ಮನನ್ನು ವಿಚಾರಿಸಿದೆ. ಸಾಲುಗಳ ಮುಂದಿನ ಜಾಗವನ್ನು ಹೇಳಿದಿರಾ ಎಂದರೆ, “ಬರೀ ಜಾಗನ ಏನಂತ ಓದ್ಲಿ ಮಾರಾಯ? ಅಲ್ಲಿ ಏನೂ ಇರಲಿಲ್ವಲ್ಲ!” ಎಂದರು. ಓದಿ ಹೇಳುವ ಯಂತ್ರವನ್ನು ನಾವು ಕಳಿಸಿದಾಗ ಅದು ಪ್ರತಿ ಸಾಲಿಗೂ ಖಾಲಿ, ಖಾಲಿ, ಖಾಲಿ, ಖಾಲಿ ಎಂದು ಹೇಳುತ್ತ ಹೋಯಿತು, “ಇದು ಓದ್ತಿದೆಯೋ ಬಿಕ್ಕಳಿಸ್ತಿದೆಯೋ?” ಎಂದು ನೀನು ಅದನ್ನು ಮುಚ್ಚಿಟ್ಟೆ. ನಾನೂ ಇಲ್ಲಿ ಕಣ್ಣು ಮುಚ್ಚಿ ಕುಳಿತು ಅದರಿಂದ ಓದಿಸಿಕೊಂಡೆ. ಎರಡು ಸಾಲು ದಾಟುವಷ್ಟರಲ್ಲಿ ಯಾವುದು ಯಾವುದರ ಒಳಗಿದೆ ಎಂಬುದು ಕೈತಪ್ಪಿತು. ನನ್ನ ತಲೆ ಇನ್ನೂ ಹೋಗಿಲ್ಲ ಎಂದು ನಂಬಿದ್ದೇನೆ.

ಆದ್ದರಿಂದ ನನಗೊಂದು ಇಕ್ಕಟ್ಟು. ನಿನ್ನ ತಲೆ ಸರಿಯಿದೆ ಎಂದು ಸಾಧಿಸಲು ನಿನ್ನ ಭಾಷೆಯಲ್ಲಿ ಕೊರತೆಯಿದೆ ಎನ್ನಬೇಕು. ಎರಡರಲ್ಲಿ ನಿನಗೆ ಯಾವುದರ ಮೇಲೆ ಹೆಚ್ಚು ಅಭಿಮಾನ ಎಂಬುದು ಇಷ್ಟು ವರ್ಷ ಜೊತೆಗಿದ್ದೂ ನನಗೆ ಖಾತ್ರಿಯಿಲ್ಲ. ಆದರೂ ಹೇಳುತ್ತೇನೆ: ಅದು ನೋಡಲು ಮಾಡಿದ ಭಾಷೆ, ಕೇಳಲು ಮಾಡಿದ್ದಲ್ಲ. ಆಗ ನಿನಗೆ ಎರಡು ಒಳ್ಳೆಯ ಕಣ್ಣುಗಳಿದ್ದವು, ಅದು ತಪ್ಪಲ್ಲ.

ಮುಗಿದಾಗ ಹೇಳುವ ಒಂದು ಪದವನ್ನು ಮತ್ತೆ ಪ್ರಸ್ತಾಪಿಸುತ್ತಿದ್ದೇವೆ. ಹಳೆಯ ಕಾರ್ಯಕ್ರಮಗಳಲ್ಲೆಲ್ಲ ಅದನ್ನು ಸಲಕರಣೆಯೇ ತನ್ನಷ್ಟಕ್ಕೆ ಸೇರಿಸುತ್ತದೆ, ಬೇಡವೆಂದವರ ಪರದೆಯಿಂದ ಮರೆಮಾಡುತ್ತದೆ. ನಿನ್ನ ಹಾಳೆಯ ಅಂದ ಹಾಗೆಯೇ ಇರುತ್ತದೆ. ಕಿವಿಯಲ್ಲಿ ಓದುವವರಿಗೆ ಮಾತ್ರ ಪದ ಕೇಳಿಸುತ್ತದೆ. ಯಾವ ಪದ ಎಂದು ಇಡೀ ಕೋಣೆ ಜಗಳಾಡಿತು. ಊಟಕ್ಕೆ ಕುಳಿತಾಗ ನಿನ್ನ ಸೊಸೆಯನ್ನು ಕೇಳಿದೆ. ಅವಳು, “‘ಇಷ್ಟೇ’ ಅನ್ನಿ, ನಾನು ನಿಮ್ಮ ಹತ್ರ ದಿನಾ ಅನ್ನಲ್ವಾ?” ಎಂದಳು. ಅದೇ ಇರಲಿ ಎಂದುಕೊಂಡೆವು. ನಿನ್ನ ಒಪ್ಪಿಗೆ ಬೇಕು. ಬೈದಾದರೂ ಒಪ್ಪು.

ಮೇಸ್ತ್ರಿ ನಮಸ್ಕಾರ ತಿಳಿಸಿದ್ದಾನೆ. ಕಣ್ಣಿಗೆ ಔಷಧಿ ತಪ್ಪಿಸಬೇಡ. ನಾಯಿಗೂ ನನ್ನ ಕಡೆಯಿಂದ ಒಂದು ಮಾತು ಹೇಳು.

ನಿನ್ನ
ದೊಡ್ಡವನು

ಮರೆತೆ: ಜೊತೆಯಲ್ಲಿರುವ ಹಾಳೆ ಹೊಸ ತೊಳೆಯುವ ತೊಟ್ಟಿಯದು. ತುಂಬಿದ ಮೇಲೂ ಅದಕ್ಕೆ ನೀರು ಬೀಳುವುದು ನಿಲ್ಲುತ್ತಿಲ್ಲ. ಈ ಕೋಣೆಯಲ್ಲಿರುವ ನಾವೆಲ್ಲರೂ ಒಬ್ಬರಾದ ಮೇಲೊಬ್ಬರು ಅದರಲ್ಲಿ ತಪ್ಪು ಹುಡುಕಿದ್ದೇವೆ, ಸಿಕ್ಕಿಲ್ಲ. ನೀನಿನ್ನೂ ಒಪ್ಪದ ಆ ಪದವನ್ನು ಎಲ್ಲ ಕಡೆ ಸೇರಿಸಿ ಅಚ್ಚು ಹಾಕಿದ್ದೇನೆ, ಕ್ಷಮಿಸು. ಚಿಕ್ಕಮ್ಮಾ, ಇದ್ದದ್ದನ್ನು ಇದ್ದ ಹಾಗೆ ನಿಧಾನವಾಗಿ ಓದಿ. ಅಮ್ಮಾ, ಇದು ನಿನ್ನನ್ನು ಹುರಿದುಂಬಿಸಲು ಹೊಸೆದ ಪರೀಕ್ಷೆ ಎಂದು ತಿಳಿಯಬೇಡ. ಅಷ್ಟು ಜಾಣತನ ನನಗಿಲ್ಲ, ಮೇಸ್ತ್ರಿಯ ಬೂಟು ನಿಜವಾಗಿಯೂ ನೆನೆದಿದೆ. ತಪ್ಪು ಸಿಕ್ಕಿದರೆ ಅವನಿಗೇ ನೇರವಾಗಿ ಫೋನ್ ಮಾಡಿ ಹೇಳು. ಆಮೇಲೆ ಯಾವಾಗಲಾದರೂ ನನಗೂ ತಿಳಿಸು.