ಗೌರಿಯ ಮರಿಯ ಹೆಚ್ಚಿನ ಗೊರಸು

ಮೇಲವಂಕಿ,
೧೪ ನವೆಂಬರ್ ೨೦೨೪

ಪ್ರೀತಿಯ ಅಪ್ಪಾ,

ನಿಮ್ಮ ಮೊಣಕಾಲು ನೋವು ಹೇಗಿದೆ? ಮಾಳು ಅಣ್ಣ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆಯೇ? ನೀವು ಕುರಿಹಿಂಡು ನಿಲ್ಲಿಸಿದಲ್ಲಿ ಫೋನು ಹತ್ತುವುದಿಲ್ಲ, ಅದಕ್ಕೇ ನಿಮಗೆ ಹಿಟ್ಟು ತರುವ ಬೀರಸಿದ್ದಪ್ಪ ಕಾಕಾನ ಕೈಯಲ್ಲಿ ಈ ಪತ್ರ. ಅಣ್ಣ ಓದಿ ಹೇಳಲಿ, ಆದರೆ ನಡುನಡುವೆ ತನ್ನದನ್ನು ಸೇರಿಸಬಾರದು.

ಅಪ್ಪಾ, ಗೆದ್ದೆವು! ನಮ್ಮ ಕುದುರೆ ಗೌರಿ ಹಾಕಿದ ಮರಿಗೆ ಮುಂಗಾಲಿನ ಒಳಬದಿಯಲ್ಲಿ ಇನ್ನೊಂದು ಪುಟ್ಟ ಗೊರಸಿದೆ ಎಂದು ಕೇಳಿದ್ದೇ ತಡ, 'ಸಂಕೇಶ್ವರದ ವ್ಯಾಪಾರಿಗೆ ಮಾತು ಕೊಟ್ಟೇನಿ, ಮಾರಿಬಿಡ್ರಿ' ಎಂದು ಹೇಳಿ ಕಳಿಸಿದಿರಿ. ನಿಮ್ಮ ಅವ್ವ, ನಮ್ಮ ದುಂಡವ್ವ ಆಯಿ, ನಿಮಗಿಂತ ಜೋರು. ಬೀರಪ್ಪ ದೇವರ ಭಂಡಾರ ಹಚ್ಚದ ಮರಿ ನಮ್ಮ ಹಿಂಡಿನ ಜೊತೆ ನಡೆಯುವಂತಿಲ್ಲ, ಆ ಅರಿಶಿನದ ಚೀಲ ಇರುವುದೋ ಅವಳ ಸೊಂಟದಲ್ಲಿ. 'ಕೇಡಿನ ಕಾಲು ಅದು, ನಾ ಹಚ್ಚಂಗಿಲ್ಲ' ಎಂದು ಗೋಡೆಗೆ ಮುಖ ಮಾಡಿ ಕುಳಿತಳು. ಮರಿ ಹೋಗಿ ಅವಳ ಸೆರಗನ್ನೇ ಚೀಪುತ್ತಿತ್ತು. ನನಗೆ ಅಳು ಬಂತು.

ಗೋಕಾಕದ ಕಾಲೇಜಿನಲ್ಲಿ ನಮಗೆ ಪಳೆಯುಳಿಕೆಗಳ ಪಾಠವಾಗಿದೆ. ಆ ಚಿತ್ರಗಳನ್ನು ಮೊಬೈಲಿನಲ್ಲಿ ಆಯಿಗೆ ತೋರಿಸಿದೆ. ಐದು ಕೋಟಿ ವರ್ಷಗಳಿಗೂ ಹಿಂದೆ ಕುದುರೆಯ ಹಿರೀಕ ನಾಯಿಯಷ್ಟೇ ಇತ್ತು, ಕಾಡಿನಲ್ಲಿ ಎಲೆ ಮೇಯುತ್ತಿತ್ತು, ಮುಂಗಾಲಿಗೆ ನಾಲ್ಕು ಬೆರಳು. ಆಮೇಲಿನ ಕಲ್ಲಾದ ಎಲುಬುಗಳಲ್ಲಿ ಮೂರೇ. ಹುಲ್ಲು ಬಯಲಲ್ಲಿ ಓಡಿ ಬದುಕುತ್ತ ಪಕ್ಕದ ಬೆರಳುಗಳು ಸಣ್ಣವಾಗಿ, ನಡುವಿನದೊಂದೇ ಗೊರಸಾಗಿ ಉಳಿಯಿತು. ಆ ಹಳೆಯ ಬೆರಳು ತೀರಾ ಅಪರೂಪಕ್ಕೆ ಯಾವುದೋ ಮರಿಯಲ್ಲಿ ಹೀಗೆ ಮತ್ತೆ ಮುಖ ತೋರಿಸುತ್ತದಂತೆ. ಕೋಟಿ ವರ್ಷದ ಮಾತನ್ನು ಆಯಿ ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೂ ಸಿಟ್ಟು ನೆತ್ತಿಗೇರಿತು. 'ಆಯಿ, ಅಣ್ಣ ಹುಟ್ಟಿದಾಗ ಮುತ್ಯಾನ ಮೂಗು ನೋಡಿ, ಹಿರ್ಯಾ ತಿರುಗಿ ಬಂದಾನಂತ ಓಣಿಗೆಲ್ಲ ಸಕ್ಕರಿ ಹಂಚಿದ್ದಿ. ಕುದರಿ ಹಿರ್ಯಾ ಬಂದ್ರ ಅಷ್ಟ ಕೇಡೇನು?' ಎಂದುಬಿಟ್ಟೆ. ಆಯಿ ಆ ಕಾಲನ್ನೇ ನೋಡುತ್ತ ಕುಳಿತಳು. ಆಮೇಲೆ ಚೀಲ ಬಿಚ್ಚಿ, ಹಣೆಗಿಂತ ಮೊದಲು ಆ ಪುಟ್ಟ ಗೊರಸಿಗೇ ಭಂಡಾರ ಬಳಿದಳು! ಮೂಡಲಗಿಯಿಂದ ಬಂದ ದನದ ಡಾಕ್ಟರು ಕೂಡ ನಡೆಯಲು ತೊಂದರೆಯಿಲ್ಲ ಎಂದಿದ್ದಾರೆ.

ಅವ್ವ ಶೇಂಗಾ ಚಟ್ನಿ ಕಳಿಸಿದ್ದಾಳೆ, ಅಣ್ಣನೊಬ್ಬನೇ ಮುಗಿಸದಿರಲಿ. ನಿಮ್ಮ ಪಾದಗಳಿಗೆ ನಮಸ್ಕಾರ.

ನಿಮ್ಮ ಮಗಳು,
ಸುವರ್ಣಾ

ಪುನಶ್ಚ: ಕಾಕಾ ಗಾಡಿ ಚಾಲೂ ಮಾಡಿ ಕೂಗುತ್ತಿದ್ದಾರೆ. ನಿಮ್ಮ ವ್ಯಾಪಾರಿ ಈಗಷ್ಟೇ ಟೆಂಪೋ ತಂದಿದ್ದ. ಆಯಿ ಬಾಗಿಲಿಗೆ ಅಡ್ಡ ನಿಂತು, 'ಮನಿ ಹಿರ್ಯಾರನ್ನ ಯಾರರ ಮಾರ್ತಾರೇನೋ?' ಎಂದು ಅವನನ್ನು ಬರಿಗೈಯಲ್ಲಿ ಕಳಿಸಿಬಿಟ್ಟಳು. ನಿಮ್ಮ ಮಾತು ಮುರಿದವಳು ಅವಳು, ನಾನಲ್ಲ. ಬೈಯುವ ಧೈರ್ಯವಿದ್ದರೆ ಊರಿಗೆ ಬಂದು ನಿಮ್ಮ ಅವ್ವನನ್ನೇ ಬೈಯಿರಿ.