ಒಂದೇ ಕುರ್ಚಿಗೆ ಇಬ್ಬರು

ಮಾರ್ಚ್ 3, ಬೆಳಿಗ್ಗೆ

ಮತ್ತೆ ಕನ್ನಡಿ ಮುಂದೆ. "ನಿಮ್ಮ ಬಗ್ಗೆ ಹೇಳಿ." ಹೆಸರು ಹೇಳಿ ನೆಲ ನೋಡಿದೆ. ಹೋಟೆಲ್ ಮುಚ್ಚಿದಾಗಿನಿಂದ ಇದೇ ಪಾಡು. ಇಬ್ಬರೂ ಅಲ್ಲೇ ರಿಸೆಪ್ಷನ್‌ನಲ್ಲಿದ್ದೆವು, ಇಬ್ಬರ ಕೆಲಸವೂ ಒಟ್ಟಿಗೇ ಹೋಯಿತು. ಈಗ ಹೆಂಡತಿಯೇ ನನಗೆ ಟೀಚರ್.

"ರೀ, ನೆಲ ನೋಡ್ಬೇಡಿ. ಕೆಲಸ ಬೇಡೋಕೆ ಹೋಗ್ತಿಲ್ಲ ನೀವು, ಮಾಡೋಕೆ ಹೋಗ್ತಿದೀರ."

ರೆಸ್ಯೂಮೆಯಿಂದ ಹವ್ಯಾಸಗಳನ್ನೆಲ್ಲ ಹೊಡೆದುಹಾಕಿದಳು. "ಕೇರಂ ಆಡ್ತೀರಂತ ಯಾರ್ರೀ ಕೆಲಸ ಕೊಡ್ತಾರೆ?" ಎಷ್ಟೋ ದಿನಗಳ ಮೇಲೆ ನಕ್ಕೆವು.

ಮಾರ್ಚ್ 9

ಆಸ್ಪತ್ರೆಯೊಂದರಿಂದ ಕರೆ. ಫ್ರಂಟ್ ಆಫೀಸ್, ಒಂದೇ ಹುದ್ದೆ. ಇಬ್ಬರಿಗೂ ಇಂಟರ್‌ವ್ಯೂ! ಗಂಡ ಹೆಂಡತಿ ಎಂದು ಹೇಳುವುದು ಬೇಡ ಅಂದುಕೊಂಡೆವು.

"ಯಾರಿಗೆ ಸಿಕ್ರೂ ಮನೆಗೇ ಬಂತಲ್ಲ" ಅಂದಳು.

ಹೌದು ಅಂದೆ. ಅವಳು ಮಲಗಿದ ಮೇಲೆ ಒಬ್ಬನೇ ಕನ್ನಡಿ ಮುಂದೆ ನಿಂತೆ.

ಮಾರ್ಚ್ 12, ಸಂಜೆ

ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಗ್ರೂಪ್ ಡಿಸ್ಕಷನ್. ರೋಗಿಯ ಕಡೆಯವರು ಕೂಗಾಡಿದರೆ ಏನು ಮಾಡುತ್ತೀರಿ? ಇವಳೇ ಶುರು ಮಾಡಿದಳು. "ಮೊದಲು ಕೂರಿಸ್ತೀನಿ. ನಿಂತವರ ಸಿಟ್ಟು ಬೇಗ ಇಳಿಯಲ್ಲ..." ಮ್ಯಾನೇಜರ್ ಪೆನ್ನು ಕೆಳಗಿಟ್ಟು ಕೇಳತೊಡಗಿದರು.

ಮಾತು ತುಂಡಾದರೆ ಇವಳಿಗೆ ಮತ್ತೆ ಎಳೆ ಸಿಗುವುದಿಲ್ಲ. ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತು.

ಬಾಯಿ ಹಾಕಿದೆ. ಸಾವರಿಸಿಕೊಂಡು ಮುಂದುವರಿಸಿದಳು. ಮತ್ತೆ ಹಾಕಿದೆ. "ಮೇಡಂ, ಒಂದ್ನಿಮಿಷ—" ಮೇಡಂ ಅಂದೆ, ಅವಳನ್ನು! ನನ್ನತ್ತ ನೋಡಿದಳು. ಆಮೇಲೆ ಮಾತಾಡಲೇ ಇಲ್ಲ.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ. ಇಳಿಯುವಾಗ, "ಚೆನ್ನಾಗ್ ಮಾತಾಡಿದ್ರಿ. ನೆಲ ನೋಡ್ಲಿಲ್ಲ."

ಮಾರ್ಚ್ 19

ಸಿಕ್ಕಿತು. ನನಗೆ. ಸೋಮವಾರ ಸೇರಬೇಕು.

ಶರ್ಟ್ ಇಸ್ತ್ರಿ ಮಾಡುತ್ತಿದ್ದಳು. ಬೈದಾಳು ಎಂದು ಕಾದು ಕಾದು ಸಾಕಾಗಿ ನಾನೇ ಬಾಯಿಬಿಟ್ಟೆ. "ಅವತ್ತು... ಬೇಕಂತಲೇ ಮಾಡಿದೆ ಕಣೇ."

"ಗೊತ್ತು. ಕಾಲರ್ ಮುಟ್ಬೇಡಿ, ಇನ್ನೂ ಬಿಸಿ ಇದೆ."

ಏಪ್ರಿಲ್ 6, ಮಧ್ಯಾಹ್ನ

ಶಿಫ್ಟ್ ಬೇಗ ಮುಗಿಯಿತು. ಮೆಟ್ಟಿಲಲ್ಲೇ ಇವಳ ದನಿ ಕೇಳಿಸಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಇಂಟರ್‌ವ್ಯೂಗೆ ತಯಾರಿ. ಇಂಟರ್‌ವ್ಯೂ ಇದೆಯೆಂದು ನನಗೆ ಹೇಳಿಯೇ ಇಲ್ಲ. ಅರಳು ಹುರಿದಂತೆ ಮಾತು. ನನ್ನನ್ನು ಕಂಡದ್ದೇ ನಿಂತುಹೋಯಿತು.

"ನಿಲ್ಲಿಸ್ಬೇಡ. ನಾನು ಸುಮ್ನೆ ಕೂತ್ಕೊಂಡು ಕೇಳ್ತೀನಿ" ಅಂದೆ.

ಬಾಯಿ ತೆರೆದಳು. ಒಂದು ಪದವೂ ಹೊರಡಲಿಲ್ಲ.

"ನೀವಿದ್ರೆ ಬರಲ್ಲ ರೀ." ಸಿಟ್ಟಿಲ್ಲದೆ ಅಂದಳು. ಸಿಟ್ಟಾದರೂ ಇರಬಾರದಿತ್ತೇ...

ಹೊರಗೆ ಬಂದು ಕೂತಿದ್ದೇನೆ. ಒಳಗೆ ಮತ್ತೆ ಶುರು ಮಾಡಿದ್ದಾಳೆ, ಮೆಲ್ಲಗೆ. ನನ್ನ ಕುರ್ಚಿ ಕಿರುಗುಟ್ಟಿದರೂ ಮಾತು ನಿಲ್ಲಿಸುತ್ತಾಳೆ. ಈ ಪೆನ್ನಿನ ಸದ್ದೂ ಬೇ—