ಗುಮ್ಮಟದ ಗ್ರೀಸ್

ಪುಟ್ಟಿ,

ನೀನು ಮುನಿಸಿಕೊಂಡು ಸೋದರತ್ತೆಯ ಮನೆಗೆ ಹೋಗಿ ಒಂಬತ್ತು ದಿನವಾಯಿತು. ಫೋನ್ ಎತ್ತುತ್ತಿಲ್ಲ, ಅದಕ್ಕೇ ಮಾವನ ಕೈಲಿ ಈ ಪತ್ರ ಕಳಿಸುತ್ತಿದ್ದೇನೆ. ದೊಡ್ಡ ಕಾಲೇಜಿನ ಶುಲ್ಕ ನೋಡಿದ ಸಿಟ್ಟಿನಲ್ಲಿ ನಿನ್ನ ಖಗೋಳವಿಜ್ಞಾನದ ಅರ್ಜಿಯನ್ನು ಹರಿದು ಹಾಕಿದ್ದು ನನ್ನ ತಪ್ಪು.

ಮಂಗಳವಾರ ರಜೆ ಹಾಕಿ ನೀನು ಆಸೆಪಟ್ಟ ಆ ದೊಡ್ಡ ಕಾಲೇಜಿಗೇ ಹೋಗಿದ್ದೆ. ದೂರದರ್ಶಕದ ಗುಮ್ಮಟ ತೋರಿಸಿ ಎಂದು ಕೇಳಿದೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದವನ ಕಣ್ಣಿಗೆ ಬೇರೇನು ಬೀಳುತ್ತದೆ? ಗುಮ್ಮಟ ತಿರುಗುವ ಹಳಿಯ ಮೇಲಿನ ಗ್ರೀಸ್ ಒಣಗಿ ಕಲ್ಲಾಗಿತ್ತು. ಆ ಗುಮ್ಮಟ ತಿರುಗಿ ವರ್ಷಗಳೇ ಆಗಿವೆ.

ಅಲ್ಲಿಂದ ಸರ್ಕಾರಿ ಕಾಲೇಜಿಗೆ ಹೋದೆ. ಗೋಡೆಯ ಬಣ್ಣ ಉದುರಿದೆ, ನಿಜ. ಆದರೆ ಒಬ್ಬ ವಿದ್ಯಾರ್ಥಿನಿ ಅಲ್ಲಿನ ಗುಮ್ಮಟದ ಚಕ್ರಗಳಿಗೆ ಎಣ್ಣೆ ಬಿಡುತ್ತಿದ್ದಳು. "ಮೇಡಂ ಎಲ್ಲಾ ನಮ್ಮ ಕೈಲೇ ಮಾಡಿಸ್ತಾರೆ ಅಂಕಲ್. ಮೋಡ ಇಲ್ದಿದ್ರೆ ದಿನಾ ನಕ್ಷತ್ರ ನೋಡ್ತೀವಿ" ಅಂದಳು. ಅಲ್ಲಿಯ ಶುಲ್ಕ ನನ್ನ ಸಂಬಳದಲ್ಲಿ ನಡೆಯುತ್ತದೆ.

ಅಲ್ಲಿಗೆ ಅರ್ಜಿ ಕೊಡಲು ನಾಳೆ ನಾಲ್ಕು ಗಂಟೆಯೇ ಕೊನೆ. ಅರ್ಜಿಯನ್ನು ಈ ಪತ್ರದ ಜೊತೆಗೆ ಇಟ್ಟಿದ್ದೇನೆ. ಪೋಷಕರ ಸಹಿ ಹಾಕಿದ್ದೇನೆ. ವಿಷಯ ಬರೆಯುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ. ಅದನ್ನು ನೀನೇ ಬರೆಯಬೇಕು. ಮೂರು ಗಂಟೆಯಿಂದ ಆ ಸರ್ಕಾರಿ ಕಾಲೇಜಿನ ಗೇಟಿನ ಹತ್ತಿರ ನಿಂತಿರುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಬಾ.

ನಿನ್ನ ಅಪ್ಪ